ಕಂಪನಿ ಬೆಲೆಗಿಂತ ಹಳೆಯ ಕಾರೇ ದುಬಾರಿಯಾಗಿದ್ದ ಕಾಲ

'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಎಂಬ ಗಾದೆ ನಮ್ಮಲ್ಲಿದೆ. ಒಂದು ಕಾಲಕ್ಕೆ ಈ ಮಾತು ಕಾರಿಗೂ ಸಲ್ಲುತ್ತಿತ್ತು. ನಾಲ್ಕಾರು ವರ್ಷ ಓಡಿಸಿ, ಬಣ್ಣ ಮಾಸಿದ ಮೇಲೆ ಮಾರಿದರೂ ಹಾಕಿದ ಹಣ ಕೈಸೇರುತ್ತಿತ್ತು. ಆಗತಾನೇ ಮನೆಗೆ ಬಂದ ಕಾರನ್ನು ಮಾರಿದವನಿಗಂತೂ ಕಂಪನಿ ಬೆಲೆಯ ಮೇಲೆ ಇನ್ನಷ್ಟು ಹಣ ಸಿಗುತ್ತಿತ್ತು. ಅದಕ್ಕೆ 'ಪ್ರೀಮಿಯಂ' ಎಂದು ಹೆಸರು.

ಈಗಿನ ತಲೆಮಾರಿಗೆ ಇದು ಕಟ್ಟುಕತೆ ಎನಿಸಬಹುದು. ಆದರೆ ಆ ಕಾಲ ಬಿಟ್ಟುಹೋದ ಒಂದು ನಂಬಿಕೆ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. 'ಕಾರೆಂದರೆ ಆಸ್ತಿ' ಎಂಬುದೇ ಆ ನಂಬಿಕೆ. ಸಾಲ ಮಾಡಿ ಕಾರು ಕೊಳ್ಳುವ ಕುಟುಂಬಕ್ಕೆ ಇದು ಬಲು ದುಬಾರಿಯಾದ ನಂಬಿಕೆ. ಇದು ಹುಟ್ಟಿದ್ದಾದರೂ ಹೇಗೆ?

ಸ್ವಾತಂತ್ರ್ಯಕ್ಕೆ ಮುಂಚೆ ಜನರಲ್ ಮೋಟಾರ್ಸ್, ಫೋರ್ಡ್ ಮುಂತಾದ ವಿದೇಶಿ ಕಂಪನಿಗಳು ಬಿಡಿಭಾಗಗಳನ್ನು ಹೊರಗಿನಿಂದ ತರಿಸಿ ಇಲ್ಲಿ ಕಾರು ಜೋಡಿಸುತ್ತಿದ್ದವು. ದೇಶದಲ್ಲೇ ತಯಾರಿಸುವ ಯೋಜನೆ ಇಲ್ಲದವರಿಗೆ ಅವಕಾಶವಿಲ್ಲ ಎಂದು 1953ರಲ್ಲಿ ಸರ್ಕಾರ ತೀರ್ಮಾನಿಸಿದಾಗ ಅವು ಬಾಗಿಲು ಮುಚ್ಚಿದವು. ಮುಂದಿನ ಮೂರು ದಶಕ ಭಾರತೀಯ ಗ್ರಾಹಕನಿಗೆ ಉಳಿದದ್ದು ಹೆಚ್ಚುಕಡಿಮೆ ಮೂರೇ ಆಯ್ಕೆ: ಕೋಲ್ಕತ್ತ ಬಳಿಯ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಮುಂಬೈಯ ಪ್ರೀಮಿಯರ್ ಕಂಪನಿಯ ಫಿಯೆಟ್ ಮತ್ತು ಮದರಾಸಿನ ಸ್ಟಾಂಡರ್ಡ್ ಹೆರಾಲ್ಡ್. ಎಷ್ಟು ಕಾರು ತಯಾರಿಸಬೇಕು ಎಂಬುದಕ್ಕೂ ಸರ್ಕಾರದ ಪರವಾನಗಿ ಬೇಕಿತ್ತು. ಬೇಡಿಕೆ ಬೆಳೆಯಿತು, ಉತ್ಪಾದನೆ ಬೆಳೆಯಲಿಲ್ಲ. 1969ರಲ್ಲಿ ಸರ್ಕಾರ ಕಾರುಗಳ ಬೆಲೆಯನ್ನೂ ತಾನೇ ನಿಗದಿ ಮಾಡಿತು. ತಯಾರಕರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

ಬೆಲೆಗೆ ಕಡಿವಾಣ ಬಿದ್ದರೂ ಸಾಲು ಕರಗಲಿಲ್ಲ. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ ಚೌಕಾಸಿಯ ಮಾತೆಲ್ಲಿ ಬಂತು? ಕೊಳ್ಳುವವನೇ ಮಾರುವವನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ಕಾಯಲಾರದವನು ಹೆಚ್ಚು ಹಣ ತೆತ್ತು ಹಳೆಯದನ್ನೇ ಕೊಳ್ಳುತ್ತಿದ್ದ. ಅಂದರೆ ಆತ ಬೆಲೆ ಕಟ್ಟುತ್ತಿದ್ದುದು ಕಾರಿಗಲ್ಲ, ಉಳಿಸಿಕೊಂಡ ಕಾಯುವ ವರ್ಷಗಳಿಗೆ. ಕಾರು ಸವೆಯುತ್ತಿತ್ತು, ಬೆಲೆ ಮಾತ್ರ ಸವೆಯುತ್ತಿರಲಿಲ್ಲ!

1983ರಲ್ಲಿ ಮಾರುತಿ 800ಕ್ಕೆ ಬುಕಿಂಗ್ ಆರಂಭವಾದಾಗ 10 ಸಾವಿರ ರೂಪಾಯಿ ಮುಂಗಡ ಕಟ್ಟಲು ಲಕ್ಷಕ್ಕೂ ಹೆಚ್ಚು ಜನ ಮುಂದೆ ಬಂದರು. ಕಾರಿನ ಬೆಲೆ ಆಗ ಸುಮಾರು 50 ಸಾವಿರ ರೂಪಾಯಿ. ಕಾರು ಹೊಸದಾದರೂ ಸಾಲು ಹಳೆಯದೇ ಆಗಿತ್ತು. ಮಾರುತಿಗೂ ಪ್ರೀಮಿಯಂ ಬಂತು.

ಪರಿಸ್ಥಿತಿ ಬದಲಾದದ್ದು 1993ರಲ್ಲಿ, ಕಾರು ತಯಾರಿಕೆಗೆ ಪರವಾನಗಿ ಬೇಕಿಲ್ಲವೆಂದು ಸರ್ಕಾರ ಸಾರಿದ ಮೇಲೆ. 1995ರಲ್ಲಿ ದೇವೂ ಸಿಯೆಲೊ ಬಂತು. 1998ರಲ್ಲಿ ಹುಂಡೈ ಸ್ಯಾಂಟ್ರೊ ಮತ್ತು ಟಾಟಾ ಇಂಡಿಕಾ ಒಟ್ಟೊಟ್ಟಿಗೆ ಬಂದವು. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಕ್ವಾಲಿಸ್ 2000ದಲ್ಲಿ ರಸ್ತೆಗಿಳಿಯಿತು. ಗ್ರಾಹಕನಿಗೆ ಮೊದಲ ಬಾರಿಗೆ 'ಬೇಡ' ಎನ್ನುವ ಶಕ್ತಿ ದೊರೆಯಿತು. ಚೌಕಾಸಿ ಹುಟ್ಟಿದ್ದು ಅಲ್ಲಿ. ಸವಕಳಿಯೂ ಅದರ ಜೊತೆಗೇ ಹುಟ್ಟಿತು. ಹೊಸದು ಸುಲಭವಾಗಿ ಸಿಗುವಾಗ ಹಳೆಯದಕ್ಕೆ ಪೂರ್ತಿ ಬೆಲೆ ಕೊಡುವವರಾರು? ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು.

ಸವಕಳಿಯೆಂದರೆ ಯಂತ್ರದ ಸವೆತವಷ್ಟೇ ಅಲ್ಲ ಎಂಬುದಕ್ಕೆ ಎರಡು ಉದಾಹರಣೆ ನೋಡಬಹುದು. 2000ದ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ದೇವೂ ಮೋಟಾರ್ ದಿವಾಳಿಯಾಯಿತು. ಇಲ್ಲಿ ಓಡುತ್ತಿದ್ದ ಸಿಯೆಲೊ, ಮ್ಯಾಟಿಜ್ ಕಾರುಗಳ ಎಂಜಿನ್ ಚೆನ್ನಾಗಿಯೇ ಇತ್ತು. ಆದರೆ ನಾಳೆ ಬಿಡಿಭಾಗ ಸಿಗುವುದೇ ಎಂಬ ಅನುಮಾನವೇ ಅವುಗಳ ಬೆಲೆ ಇಳಿಸಿತು. ಇನ್ನೊಂದು ತೀರ ಈಚಿನದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಸೆಸ್ ಕೂಡ ಹೋಯಿತು. ಹೊಸ ಕಾರು ಅಗ್ಗವಾದಾಗ ಮನೆಯಂಗಳದಲ್ಲಿ ನಿಂತ ಹಳೆಯದರ ಬೆಲೆಯೂ ಇಳಿಯಲೇಬೇಕು. ಅದು ಒಂದು ಕಿಲೋಮೀಟರ್ ಕೂಡ ಹೆಚ್ಚು ಓಡಿರಬೇಕಾಗಿಲ್ಲ.

ಸವಕಳಿಯ ವೇಗ ಎಷ್ಟು? ವಿಮೆಯ ಲೆಕ್ಕಾಚಾರದಲ್ಲಿ ಇದಕ್ಕೊಂದು ಅಂದಾಜು ಸಿಗುತ್ತದೆ. ವಾಹನ ಕಳುವಾದರೆ ಎಷ್ಟು ಪರಿಹಾರ ಎಂದು ನಿರ್ಧರಿಸುವಾಗ ಕಂಪನಿಯ ಮಾರಾಟ ಬೆಲೆಯಿಂದ ಮೊದಲ ಆರು ತಿಂಗಳಿಗೆ ಶೇ. 5, ಒಂದು ವರ್ಷದೊಳಗೆ ಶೇ. 15, ಎರಡು ವರ್ಷದೊಳಗೆ ಶೇ. 20 ಕಳೆಯುತ್ತಾರೆ. ಐದನೆಯ ವರ್ಷಕ್ಕೆ ಇದು ಶೇ. 50. ಅಂದರೆ 8 ಲಕ್ಷ ರೂಪಾಯಿಯ ಕಾರು ಮೊದಲ ಹುಟ್ಟುಹಬ್ಬಕ್ಕೆ ಮುನ್ನವೇ 6 ಲಕ್ಷ 80 ಸಾವಿರಕ್ಕೆ, ಐದನೆಯ ವರ್ಷದಲ್ಲಿ 4 ಲಕ್ಷಕ್ಕೆ ಇಳಿಯುತ್ತದೆ. ರಸ್ತೆ ತೆರಿಗೆ, ನೋಂದಣಿ ವೆಚ್ಚ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಮಾರುಕಟ್ಟೆಯ ಬೆಲೆ ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಆದರೆ ದಿಕ್ಕು ಮಾತ್ರ ಇದೇ.

ಈ ತಿಳಿವಳಿಕೆ ಇದ್ದವನ ಚೌಕಾಸಿಯೇ ಬೇರೆ. ಆತ ಮೊದಲು ಬೆಲೆಯನ್ನು ಬಿಡಿಸಿ ಬರೆಸಿಕೊಳ್ಳುತ್ತಾನೆ: ಕಾರಿನ ಬೆಲೆ ಎಷ್ಟು, ತೆರಿಗೆ ಎಷ್ಟು, ವಿಮೆ ಎಷ್ಟು, ಬಿಡಿಸಾಮಗ್ರಿ ಎಷ್ಟು? ತೆರಿಗೆಯಲ್ಲಿ ಚೌಕಾಸಿ ನಡೆಯದು. ವಿಮೆಯನ್ನು ಮಾತ್ರ ಡೀಲರ್ ಹೇಳಿದ ಕಡೆಯೇ ಮಾಡಿಸಬೇಕೆಂಬ ಕಾನೂನಿಲ್ಲ. ಸೀಟಿನ ಕವಚ, ನೆಲಹಾಸುಗಳನ್ನು ಹೊರಗಿನ ಅಂಗಡಿಯಲ್ಲೂ ಕೊಳ್ಳಬಹುದು. ಹಳೆಯ ಕಾರನ್ನು ಕೊಟ್ಟು ಹೊಸದು ತರುವವರು ಎರಡೂ ವ್ಯವಹಾರವನ್ನು ಬೇರೆಬೇರೆಯಾಗಿ ಮಾತಾಡಬೇಕು. ಇಲ್ಲವಾದರೆ ಹೊಸದರಲ್ಲಿ ಬಿಟ್ಟ ರಿಯಾಯಿತಿಯನ್ನು ಹಳೆಯದರಲ್ಲಿ ಹಿಡಿದುಕೊಂಡದ್ದು ಗೊತ್ತೇ ಆಗುವುದಿಲ್ಲ. ಡಿಸೆಂಬರಿನ ರಿಯಾಯಿತಿಗೂ ಕಾರಣವಿದೆ. ತಿಂಗಳು ಕಳೆದರೆ ಅದು 'ಹೋದ ವರ್ಷದ ಕಾರು'. ನಾಳೆ ಮಾರಲು ಹೋದಾಗಲೂ ತಯಾರಾದ ವರ್ಷವನ್ನೇ ಕೇಳುತ್ತಾರೆ. ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಆ ರಿಯಾಯಿತಿ ಲಾಭ, ಮೂರು ವರ್ಷಕ್ಕೆ ಮಾರುವವನಿಗೆ ಅಷ್ಟೇನೂ ಅಲ್ಲ.

ಹಾಗೆಂದು ಹಿರಿಯರ ಮಾತು ಸುಳ್ಳಾಗಿರಲಿಲ್ಲ. ಅವರ ಕಾಲಕ್ಕೆ ಕಾರು ನಿಜವಾಗಿಯೂ ಆಸ್ತಿಯಾಗಿತ್ತು. ಆದರೆ ಅದಕ್ಕೆ ಅವರು ತೆತ್ತ ಬೆಲೆ ಕಾಯುವ ವರ್ಷಗಳು. ಇಂದು ಕಾಯಬೇಕಾಗಿಲ್ಲ, ಅದಕ್ಕೆ ಪ್ರತಿಯಾಗಿ ಸವಕಳಿಯನ್ನು ತೆರುತ್ತಿದ್ದೇವೆ. ಐದು ವರ್ಷದ ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ, ಕೊನೆಯ ಕಂತು ಕಟ್ಟುವ ದಿನ ಈ ಕಾರಿನ ಬೆಲೆ ಎಷ್ಟಿರುತ್ತದೆ ಎಂದು ಚೀಟಿಯಲ್ಲಿ ಬರೆದು ನೋಡುವುದು ಒಳ್ಳೆಯದು. ಆ ಅಂಕಿಯನ್ನು ನೋಡಿದ ಮೇಲೂ ಕಾರು ಬೇಕೆನಿಸಿದರೆ ಧೈರ್ಯವಾಗಿ ಕೊಳ್ಳಬಹುದು.