ಹದ್ದು ಮೀರಿದ ಚಕ್ರ

ಮನೆಯಲ್ಲಿ ವಿದ್ಯುದ್ದೀಪದ ಗುಂಡಿಯನ್ನು ಒತ್ತುವಾಗ, ಎಲ್ಲಿಯೋ ದೂರದಲ್ಲಿ ಭಾರಿಯಾದ ಉಕ್ಕಿನ ಚಕ್ರವೊಂದು ಅದಕ್ಕಾಗಿ ತಿರುಗುತ್ತಿರಬಹುದೆಂಬ ಯೋಚನೆ ನಮಗೆ ಬರುವುದು ಅಪರೂಪ. ಆ ಚಕ್ರಕ್ಕೆ ಟರ್ಬೈನ್ ಎಂದು ಹೆಸರು. ತಿರುಗುವುದೇ ಅದರ ಪ್ರಯೋಜನ; ಹದ್ದು ಮೀರಿ ತಿರುಗಿದರೆ ಅದೇ ಅನರ್ಥ. ಆ ಹದ್ದನ್ನು ಕಾಯತಕ್ಕ ಏರ್ಪಾಡು ಹೇಗೆ ಬೆಳೆಯಿತು, ಒಮ್ಮೆ ಹೇಗೆ ಸೋತಿತು ಎಂಬುದನ್ನು ಈಗ ವಿಚಾರಮಾಡೋಣ.

ಹಿಟ್ಟಿನ ಗಿರಣಿಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಒಂದು ಉಪಾಯವನ್ನು ಜೇಮ್ಸ್ ವಾಟನು 1788ರಲ್ಲಿ ತನ್ನ ಉಗಿಯಂತ್ರಕ್ಕೆ ಅಳವಡಿಸಿದನು. ಯಂತ್ರದೊಡನೆ ಸುತ್ತುವ ಎರಡು ಲೋಹದ ಗುಂಡುಗಳು ವೇಗ ಹೆಚ್ಚಿದರೆ ದೂರ ಸರಿದು ಮೇಲೇಳುವುವು. ಅವು ಎದ್ದಂತೆ ಉಗಿಯ ದಾರಿ ಕಿರಿದಾಗುವುದು. ಇದಕ್ಕೆ ಗವರ್ನರ್ ಎಂದು ಹೆಸರಿಟ್ಟರು. ಪ್ರಾಂತಗಳನ್ನಾಳುವ ಗವರ್ನರುಗಳಿಗಿಂತ ಇದು ಕೆಲಸದಲ್ಲಿ ಚುರುಕೆಂದು ಹೇಳಿದರೆ ಯಾರೂ ಮುನಿಯಲಾರರು.

ವಾಟನ ಯಂತ್ರ ನಿಧಾನಿ. 1884ರಲ್ಲಿ ಚಾರ್ಲ್ಸ್ ಪಾರ್ಸನ್ಸನು ರಚಿಸಿದ ಉಗಿಯ ಟರ್ಬೈನಾದರೋ ನಿಮಿಷಕ್ಕೆ 18,000 ಸುತ್ತು ತಿರುಗಿತು. ಅಲ್ಲಿಂದ ಅಪಾಯದ ಸ್ವರೂಪವೇ ಬದಲಾಯಿತು. ತಿರುಗುವ ಲೋಹವನ್ನು ಹೊರಕ್ಕೆ ಸೆಳೆಯುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ನೂರಕ್ಕೆ 10 ಹೆಚ್ಚಿದರೆ ಸೆಳೆತ ನೂರಕ್ಕೆ 21 ಹೆಚ್ಚುವುದು. ವೇಗ ಹೆಚ್ಚುವುದಾದರೂ ಏಕೆ? ಕಪಿಲೆಯ ಬಾವಿಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ನೀರು ತುಂಬಿದ ಬಾನಿಯನ್ನು ಎಳೆಯುತ್ತಿರುವಾಗ ಮಿಣಿ ಹರಿದರೆ ಏನಾಗುವುದೆಂದು ಬಲ್ಲವರು ಬಲ್ಲರು. ವಿದ್ಯುಜ್ಜನಕದ ಹೊರೆ ಥಟ್ಟನೆ ಕಳಚಿದಾಗ ಟರ್ಬೈನಿನ ಗತಿಯೂ ಅದೇ. ಕೆಲವೇ ಸೆಕೆಂಡುಗಳಲ್ಲಿ ಅದು ಹದ್ದು ಮೀರುವುದು.

ಆದಕಾರಣ ಗವರ್ನರಿನ ಹಿಂದೆ ಎರಡನೆಯ ಕಾವಲು ಬಂದಿತು. ಚಕ್ರದ ದಂಡದೊಳಗೆ ಒಂದು ಬೋಲ್ಟನ್ನು ನಡುವಿನಿಂದ ತುಸು ಓರೆಯಾಗಿ ಕೂರಿಸಿ ಸ್ಪ್ರಿಂಗಿನಿಂದ ಬಿಗಿದರು. ವೇಗವು ಸುಮಾರು ನೂರಹತ್ತು ಪಾಲಿಗೆ ಏರಿದೊಡನೆ ಬೋಲ್ಟು ಸ್ಪ್ರಿಂಗನ್ನು ಗೆದ್ದು ಹೊರಚಾಚಿ ಒಂದು ಕೊಂಡಿಯನ್ನು ಬಡಿಯುವುದು; ಕವಾಟಗಳನ್ನು ತೆರೆದು ಹಿಡಿದಿದ್ದ ಎಣ್ಣೆಯ ಒತ್ತಡ ಬಿಟ್ಟುಹೋಗಿ ಅವು ಮುಚ್ಚಿಕೊಳ್ಳುವುವು. ಇದೇ ಟ್ರಿಪ್. ಎಚ್ಚರಿಕೆಯ ಗಂಟೆಗೂ ಇದಕ್ಕೂ ಭೇದವುಂಟು. ಗಂಟೆಯು ಮನುಷ್ಯನಿಗೆ ಹೇಳಿ ಕಾಯುತ್ತದೆ. ಟ್ರಿಪ್ ಅವನನ್ನು ಕೇಳುವುದೇ ಇಲ್ಲ. ಇನ್ನೊಂದು ನಿಯಮ: ಒಮ್ಮೆ ಮುಚ್ಚಿದ ಕವಾಟವು, ಯಾರಾದರೂ ಬೇಕೆಂದು ತೆರೆದ ಹೊರತು, ತಾನಾಗಿ ತೆರೆಯಕೂಡದು.

ಈ ನಿಯಮ ಕೆಟ್ಟದ್ದು ಅಮೆರಿಕದ ನ್ಯೂಜರ್ಸಿಯಲ್ಲಿರುವ ಸೇಲಂ ಎಂಬ ಪರಮಾಣು ವಿದ್ಯುದಾಗಾರದಲ್ಲಿ. ನಮ್ಮ ನೆರೆಯ ಸೇಲಂ ಅಲ್ಲ. 1991ರ ನವೆಂಬರ್ 9ರಂದು ಅಲ್ಲಿಯ ಎರಡನೆಯ ಘಟಕವು ಪೂರ್ಣಶಕ್ತಿಯಲ್ಲಿ ನಡೆಯುತ್ತಿರುವಾಗಲೇ ರಕ್ಷಣೆಯ ಉಪಕರಣಗಳ ಪರೀಕ್ಷೆ ನಡೆದಿತ್ತು. ಪರೀಕ್ಷೆಗಾಗಿ ಒಂದು ಹಿಡಿಯನ್ನು ಒತ್ತಿ ಹಿಡಿಯಬೇಕು. ಹಿಡಿದಿರುವಷ್ಟು ಹೊತ್ತು ಯಾಂತ್ರಿಕ ಟ್ರಿಪ್ ನಿಷ್ಕ್ರಿಯ. ಆ ಹೊತ್ತಿಗೇ ಎಣ್ಣೆಯ ಒತ್ತಡ ಕ್ಷಣಮಾತ್ರ ಕುಸಿಯಿತು. ಕವಾಟಗಳು ಮುಚ್ಚಿದುವು, ರಿಯಾಕ್ಟರು ನಿಂತಿತು. ಒತ್ತಡ ಮತ್ತೆ ಏರಿತು. ಮುಚ್ಚಿದ ಕವಾಟಗಳು ತೆರೆದುಕೊಂಡುವು. ಅಷ್ಟರಲ್ಲಿ ವಿದ್ಯುಜ್ಜನಕವು ಹೊರಗಿನ ತಂತಿಜಾಲದಿಂದ ಬೇರ್ಪಟ್ಟಿತು. ಮಿಣಿ ಹರಿದಂತಾಯಿತು. ಇನ್ನು ಉಳಿದ ಕಾವಲು ಮೂರು ಸೊಲೆನಾಯ್ಡ್ ಕವಾಟಗಳದು. ಮೂರೂ ಅಲುಗಲಿಲ್ಲ.

ನಿಮಿಷಕ್ಕೆ 1,800 ಸುತ್ತಿರಬೇಕಾದ ವೇಗ ಸುಮಾರು 2,900ಕ್ಕೆ ಏರಿತು. ಎಂದರೆ ಸೆಳೆತ ಎರಡೂವರೆ ಪಟ್ಟಿಗೂ ಮಿಗಿಲು. ಅಲಗುಗಳು ಮುರಿದು ದಪ್ಪನೆಯ ಕವಚವನ್ನು ಸೀಳಿ ಹೊರಹಾರಿದುವು; ವಿದ್ಯುಜ್ಜನಕದ ಹೈಡ್ರೊಜನ್ ಹೊತ್ತಿಕೊಂಡಿತು. ಯಾರ ಪ್ರಾಣಕ್ಕೂ ಹಾನಿಯಾಗದಿದ್ದುದು ಭಾಗ್ಯ.

ಆ ಮೂರು ಕವಾಟಗಳು ಏಕಕಾಲದಲ್ಲಿ ಹೇಗೆ ಕೆಟ್ಟುವು? ಏಕಕಾಲದಲ್ಲಿ ಕೆಟ್ಟುವಲ್ಲ, ಮೊದಲೇ ಕೆಟ್ಟು ಕುಳಿತಿದ್ದುವು. ತುಕ್ಕೂ ಕಸವೂ ಅವುಗಳನ್ನು ಹಿಡಿದಿದ್ದುವು. ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಪದ್ಧತಿ ಇರಲಿಲ್ಲ. ಪಕ್ಕದ ಮೊದಲನೆಯ ಘಟಕದಲ್ಲಿ ಇದೇ ಬಗೆಯವು ಕೆಟ್ಟದ್ದು 1990ರಲ್ಲಿಯೇ ತಿಳಿದು, ಅಲ್ಲಿ ಅವನ್ನು ಬದಲಾಯಿಸಿದ್ದರು; ಎರಡನೆಯ ಘಟಕದ ಸರದಿಯನ್ನು ಮುಂದಕ್ಕೆ ಹಾಕಿದ್ದರು. ಅವಘಡಕ್ಕೆ ಕೆಲವೇ ವಾರ ಮುಂಚೆ ಒಂದು ಪರೀಕ್ಷೆಯಲ್ಲಿ ಲೋಪ ಕಂಡಾಗಲೂ ಅದಕ್ಕೆ ಬೇರೆ ಕಾರಣ ಊಹಿಸಿ ಯಂತ್ರವನ್ನು ನಡೆಯಿಸಿದರು. ಕಾವಲುಗಾರರು ಮೂವರಾದರೇನು, ಮೂವರಿಗೂ ಒಂದೇ ರೋಗ ತಗುಲಿದ ಮೇಲೆ ಇದ್ದದ್ದು ಒಬ್ಬನೂ ಇಲ್ಲದಂತೆಯೇ. ನನಗಂತೂ ತುಕ್ಕಿಗಿಂತ ಆ ಮುಂದೂಡಿಕೆಯೇ ಹೆಚ್ಚು ಭಯಂಕರವಾಗಿ ತೋರುತ್ತದೆ.

ಇಂದಿನ ಅನೇಕ ಟರ್ಬೈನುಗಳಲ್ಲಿ ವೇಗವನ್ನು ಅಳೆಯುವ ಮೂರು ಸ್ವತಂತ್ರ ಮಾಪಕಗಳಿವೆ. ಅವು ಗವರ್ನರಿಗೆ ಸೇರಿದವುಗಳಲ್ಲ. ಒಂದೇ ಮಾಪಕ ಹದ್ದು ಮೀರಿತೆಂದರೆ ಗಂಟೆ ಬಾರಿಸುವುದು. ಎರಡು ಹೇಳಿದರೆ ಟ್ರಿಪ್. ಹೀಗೆ ಒಂದರ ಸುಳ್ಳಿಗೆ ಊರು ಕತ್ತಲಾಗದು, ಒಂದರ ಮೌನಕ್ಕೆ ಯಂತ್ರ ಒಡೆಯದು. ಪರೀಕ್ಷೆಯ ಕಷ್ಟ ಮಾತ್ರ ತೀರಿಲ್ಲ. ದಕ್ಷಿಣ ಆಫ್ರಿಕದ ಡೂವ ವಿದ್ಯುದಾಗಾರದಲ್ಲಿ 600 ಮೆಗಾವಾಟಿನ ಯಂತ್ರವೊಂದು 2011ರ ಫೆಬ್ರವರಿಯಲ್ಲಿ ನಾಶವಾದದ್ದು ಅತಿವೇಗದ ಪರೀಕ್ಷೆಯ ವೇಳೆಯಲ್ಲಿಯೇ. ಆದ್ದರಿಂದ ಸಾಧ್ಯವಿದ್ದಲ್ಲಿ ಚಕ್ರವನ್ನು ನಿಜವಾಗಿ ಓಡಿಸದೆ, ಮಾಪಕಗಳಿಗೆ ಸುಳ್ಳು ವೇಗದ ಸಂಕೇತವನ್ನು ಉಣಿಸಿ, ಬೋಲ್ಟನ್ನು ಎಣ್ಣೆಯ ಒತ್ತಡದಿಂದ ಹೊರಚಾಚಿಸಿ ನೋಡುತ್ತಾರೆ.