ಹಳದಿ ಬಾವುಟದಿಂದ ತ್ರಿವರ್ಣಕ್ಕೆ: ಸುರಪುರ ಸೀಮೆಯ ಧ್ವಜ ಕಥನ

ಆಗಸ್ಟ್ 15 ಮತ್ತು ಜನವರಿ 26ರಂತೆಯೇ ಸೆಪ್ಟೆಂಬರ್ 17ರಂದೂ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ತ್ರಿವರ್ಣ ಧ್ವಜ ಏರುತ್ತದೆ. ಕರ್ನಾಟಕದಲ್ಲಿ ಕಲ್ಯಾಣ ಕರ್ನಾಟಕ ಭಾಗಕ್ಕಷ್ಟೇ ಸೇರಿದ ಈ ವಿಮೋಚನೆಯ ಹಬ್ಬದ ಹಿಂದೆ ಬಣ್ಣಗಳ ದೀರ್ಘ ಇತಿಹಾಸವಿದೆ.

1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯವನ್ನು ಅಡಗಿಸಿದ ಬ್ರಿಟಿಷರು 1860ರ ಒಪ್ಪಂದದಲ್ಲಿ ಸುರಪುರವನ್ನು ಹೈದರಾಬಾದಿನ ನಿಜಾಮರಿಗೆ ಬಿಟ್ಟುಕೊಟ್ಟರು. ಅಂದಿನಿಂದ ಇಲ್ಲಿ ಆಸಫಿಯಾ ಮನೆತನದ ಹಳದಿ ಬಾವುಟದ ಆಳ್ವಿಕೆ. ಅದರ ನಡುವಿನ ಬಿಳಿ ವೃತ್ತ ಕುಲ್ಚಾ ರೊಟ್ಟಿಯ ಗುರುತು. ಸೂಫಿ ಸಂತರೊಬ್ಬರು ಮೊದಲ ನಿಜಾಮನಿಗೆ ಹಳದಿ ಬಟ್ಟೆಯಲ್ಲಿ ಕುಲ್ಚಾ ಕಟ್ಟಿಕೊಟ್ಟರೆಂಬುದು ಐತಿಹ್ಯ. ಆ ಬಣ್ಣದ ಅರ್ಥ ದೊರೆಯ ವಂಶಕ್ಕೆ ಸಂಬಂಧಿಸಿದ್ದು, ಪ್ರಜೆಗೆ ಅದರಲ್ಲಿ ಪಾಲಿರಲಿಲ್ಲ.

ಪ್ರಜೆಗಳ ಬಾವುಟದ ಹುಡುಕಾಟ ನಡೆದದ್ದು ಬೇರೆಡೆ. 1921ರಲ್ಲಿ ವಿಜಯವಾಡದಲ್ಲಿ ಪಿಂಗಳಿ ವೆಂಕಯ್ಯ ಕೆಂಪು-ಹಸಿರಿನ ಬಾವುಟ ತೋರಿಸಿದಾಗ ಗಾಂಧೀಜಿ ಬಿಳಿಯನ್ನೂ ಚರಕವನ್ನೂ ಸೇರಿಸಲು ಸೂಚಿಸಿದರು. ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದವರಿಗೆ ಎಂಬುದು ಆಗಿನ ವಿವರಣೆ. ಹಾಗೆ ಹಂಚಲು ಹೊರಟೊಡನೆ ತಕರಾರೂ ಹುಟ್ಟಿತು. ಸಿಖ್ಖರು ತಮಗೂ ಬಣ್ಣ ಬೇಕೆಂದರು. 1931ರಲ್ಲಿ ಏಳು ಮಂದಿಯ ಸಮಿತಿ ರಚನೆಯಾಯಿತು. ಹುಬ್ಬಳ್ಳಿಯಲ್ಲಿ ಸೇವಾದಳ ಕಟ್ಟಿದ ನಾ.ಸು. ಹರ್ಡೀಕರ್ ಅದರ ಸದಸ್ಯರು. ಪೂರ್ತಿ ಕೇಸರಿ ಬಾವುಟವಿರಲಿ ಎಂಬ ಸಮಿತಿಯ ಸಲಹೆಯನ್ನು ಕಾಂಗ್ರೆಸ್ ಒಪ್ಪದೆ ಕೇಸರಿ, ಬಿಳಿ, ಹಸಿರನ್ನು ಆರಿಸಿತು. ಬಣ್ಣಗಳಿಗೆ ಕೋಮಿನ ಅರ್ಥವಿಲ್ಲವೆಂದೂ ಸ್ಪಷ್ಟಪಡಿಸಿತು.

ಹಾರಿಸುವ ಹಕ್ಕು ಮಾತ್ರ ಸುಲಭಕ್ಕೆ ಸಿಗಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1938ರ ಏಪ್ರಿಲ್‌ನಲ್ಲಿ ಶಿವಪುರದ ಸತ್ಯಾಗ್ರಹವೂ ವಿದುರಾಶ್ವತ್ಥದ ಗೋಲಿಬಾರೂ ನಡೆದ ಮೇಲೆ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು. ಹೈದರಾಬಾದಿನಲ್ಲಿ ಅಷ್ಟೂ ಆಗಲಿಲ್ಲ. 1947ರ ಆಗಸ್ಟ್ 15ರಂದು ಅಲ್ಲಿ ತ್ರಿವರ್ಣ ಹಾರಿಸುವುದೇ ಅಪರಾಧವಾಗಿತ್ತು. ಅಲ್ಲಿನ ಹೋರಾಟದ ನಾಯಕ ಸ್ವಾಮಿ ರಮಾನಂದ ತೀರ್ಥರನ್ನು ಅಂದೇ ಬಂಧಿಸಿದರು. ಮುಂಡರಗಿಯಂಥ ಗಡಿ ಶಿಬಿರಗಳಲ್ಲಿ ಹೋರಾಟ ಮುಂದುವರಿಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಬಳಿಕವಷ್ಟೇ ಹಳದಿ ಇಳಿದು ತ್ರಿವರ್ಣ ಏರಿತು. ಉಳಿದ ದೇಶಕ್ಕಿಂತ 13 ತಿಂಗಳು ತಡವಾಗಿ!

ಅಷ್ಟರಲ್ಲಿ 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಜಾಗದಲ್ಲಿ ಅಶೋಕನ ಚಕ್ರವನ್ನಿಟ್ಟು ಧ್ವಜವನ್ನು ಅಂಗೀಕರಿಸಿತ್ತು. ಕೇಸರಿ ತ್ಯಾಗದ, ಬಿಳಿ ಸತ್ಯದ ಬೆಳಕಿನ, ಹಸಿರು ನೆಲದ ನಂಟಿನ, ಚಕ್ರ ಧರ್ಮ ಮತ್ತು ಚಲನೆಯ ಸಂಕೇತವೆಂದು ರಾಧಾಕೃಷ್ಣನ್ ವಿವರಿಸಿದರು. ಆ ಚಕ್ರ ಈ ಸೀಮೆಗೆ ಹೊರಗಿನದಲ್ಲ. ಶಹಾಪುರಕ್ಕೆ ಸಮೀಪದ, ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪವೇ ಇದೆ.

ಬಳಕೆಯ ನಿಯಮಗಳೂ ಬದಲಾಗುತ್ತ ಬಂದವು. 2002ರ ಧ್ವಜ ಸಂಹಿತೆ ಜನಸಾಮಾನ್ಯರಿಗೆ ವರ್ಷವಿಡೀ ಧ್ವಜ ಹಾರಿಸಲು ಅವಕಾಶ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂಲಭೂತ ಹಕ್ಕೆಂದಿತು. 2021ರ ಡಿಸೆಂಬರ್‌ನ ತಿದ್ದುಪಡಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ದಾರಿ ತೆರೆಯಿತು. ಇದರಿಂದ ಬಾವುಟ ಅಗ್ಗವಾಗಿ ಮನೆಮನೆ ತಲುಪಿತು, ನಿಜ. ಆದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಕೈಗಳಿಗೆ ಪೆಟ್ಟು ಬಿತ್ತು.

ನವೆಂಬರ್ 1ರಂದು ಇದೇ ಊರುಗಳಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ ಹಾರಾಡುತ್ತದೆ. ಒಂದು ಕಾಲಕ್ಕೆ ನಿಜಾಮರ ಗುರುತಾಗಿದ್ದ ಹಳದಿಯನ್ನು ಇಂದು ಕನ್ನಡದ ಅರಿಶಿನವಾಗಿ ಕಾಣುತ್ತೇವೆ. ಹಾಗಾಗಿ ಯಾವ ಬಣ್ಣವೂ ಯಾವ ಮತಕ್ಕೂ ಕಾಯಂ ಸೊತ್ತಲ್ಲ. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ವಿಮೋಚನೆಯನ್ನು ಒಂದು ಧರ್ಮದ ಮೇಲೆ ಇನ್ನೊಂದರ ಗೆಲುವಾಗಿ ಬಣ್ಣಿಸುವವರು 1931ರ ಆ ನಿರ್ಣಯವನ್ನು ಒಮ್ಮೆ ಓದಿಕೊಂಡು ವೇದಿಕೆ ಹತ್ತುವುದು ಒಳ್ಳೆಯದು.