ಹೈಕೋರ್ಟಿನ ಮೆಟ್ಟಿಲೇರಿದ ಬೆಕ್ಕು

ರಜೆ ಬಂತೆಂದರೆ ನಮ್ಮ ಹೊರನಾಡ ಕನ್ನಡಿಗರ ಸಂಸಾರಗಳು ಕೇರಳದ ಕಡೆ ಪ್ರವಾಸ ಹೊರಡುವುದುಂಟು. ಫೋರ್ಟ್ ಕೊಚ್ಚಿಯಲ್ಲಿ ಚೀನೀ ಬಲೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಮೀನಿನ ಆಸೆಗೆ ಕಾದು ಕುಳಿತ ಬೆಕ್ಕುಗಳನ್ನು ಕಂಡು ಮಕ್ಕಳು ಕುಣಿಯುತ್ತಾರೆ. ಮಲಯಾಳಿಗಳಿಗೆ ಅದು ಪೂಚ್ಚ, ತುಳುವರಿಗೆ ಪುಚ್ಚೆ, ನಮಗೆ ಬೆಕ್ಕು. ಹೆಸರು ಯಾವುದಾದರೇನು, ದಡದ ಆ ಬೆಕ್ಕಿಗೆ ಒಡೆಯನೆಂಬವನಿಲ್ಲ. ಒಡೆಯನಿಲ್ಲದ ಜೀವಕ್ಕೆ ಊರಿನಲ್ಲಿ ನೆಲೆ ಉಂಟೆ? ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಅದನ್ನು ಸಂಗ್ರಹವಾಗಿ ಓದುಗರ ಮುಂದಿಡುತ್ತಿದ್ದೇವೆ.

ಕೊಚ್ಚಿಯ ಉತ್ತರಕ್ಕೆ, ಕೊಡುಂಗಲ್ಲೂರಿನ ಆಸುಪಾಸಿನಲ್ಲಿ, ಎರಡು ಸಾವಿರ ವರ್ಷಗಳ ಹಿಂದೆ ಮುಜಿರಿಸ್ ಎಂಬ ದೊಡ್ಡ ಬಂದರಿತ್ತು. ಮಲಬಾರಿನ ಕರಿಮೆಣಸು ಹೊತ್ತ ಹಡಗುಗಳು ಕೆಂಪು ಸಮುದ್ರದಲ್ಲಿದ್ದ ಈಜಿಪ್ಟಿನ ಬೆರೆನಿಕೆ ಬಂದರಿಗೆ ಹೋಗುತ್ತಿದ್ದವು. ಆ ಬೆರೆನಿಕೆಯಲ್ಲಿ ಪುರಾತತ್ತ್ವಜ್ಞರು ಪ್ರಾಣಿಗಳದೇ ಆದ ಒಂದು ಸ್ಮಶಾನವನ್ನು ಅಗೆದು ತೆಗೆದಿದ್ದಾರೆ. 2021ರಲ್ಲಿ ಪ್ರಕಟವಾದ ವಿವರದಂತೆ, ಅಲ್ಲಿ ಹೂಳಿದ್ದ 585 ಪ್ರಾಣಿಗಳ ಪೈಕಿ 536 ಬೆಕ್ಕುಗಳು! ಕೆಲವಕ್ಕೆ ಕೊರಳಲ್ಲಿ ಕಬ್ಬಿಣದ ಪಟ್ಟಿ, ಕೆಲವಕ್ಕೆ ಮಣಿಸರ. ಇವು ಬಲಿಯ ಪ್ರಾಣಿಗಳಲ್ಲ, ಸಾಕಿದವರೇ ಅಕ್ಕರೆಯಿಂದ ಮಣ್ಣು ಮಾಡಿದವು ಎಂದು ಶೋಧಕರ ಅಭಿಪ್ರಾಯ. ಕಣಜವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಇಲಿಯ ಕಾಟಕ್ಕೆ ಮನೆಗೊಂದು ಬೆಕ್ಕು ಹಂಚಿದ ರಾಜನ ಕಥೆಯನ್ನು ತೆನಾಲಿ ರಾಮಕೃಷ್ಣನ ಹೆಸರಿನಲ್ಲಿ ನಾವೆಲ್ಲ ಕೇಳಿ ಬೆಳೆದವರೇ. ಬಂದರಿನವರಿಗೂ ಬೆಕ್ಕಿಗೂ ನಡೆದುಬಂದ ಕೊಡುಕೊಳ್ಳುವಿಕೆ ಅಷ್ಟು ಹಳೆಯದು.

ಬಾಯಿಮಾತಿನ ಈ ನಂಟಿಗೆ ಸ್ವತಂತ್ರ ಭಾರತದಲ್ಲಿ ಕಾನೂನಿನ ಬಲ ತಂದುಕೊಟ್ಟವರು ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ಪ್ರಾಣಿಹಿಂಸೆಯನ್ನು ತಡೆಯುವ ಖಾಸಗಿ ಮಸೂದೆಯನ್ನು ಮಂಡಿಸಿದರು. ಸರ್ಕಾರವೇ ಕಾನೂನು ತರುವುದೆಂದು ನೆಹರೂ ಭರವಸೆಯಿತ್ತ ಮೇಲೆ ಅದನ್ನು ಹಿಂತೆಗೆದುಕೊಂಡರು. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಅವರದೇ ಮುಂದಾಳುತನದಲ್ಲಿ ಆರಂಭವಾಯಿತು. 1976ರ ತಿದ್ದುಪಡಿಯಂತೆ ಜೀವಿಗಳಲ್ಲಿ ದಯೆ ತೋರುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದಾಗಿ ಸಂವಿಧಾನವನ್ನು ಸೇರಿತು.

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದಕ್ಕೆ ಜೀವ ಬರಬೇಕು. 2020ರ ಏಪ್ರಿಲ್, ಕೊರೋನಾ ಲಾಕ್‌ಡೌನಿನ ಕಾಲ. ಕೊಚ್ಚಿಯ ಒಬ್ಬ ಗೃಹಸ್ಥರ ಮನೆಯಲ್ಲಿ ಮೂರು ಬೆಕ್ಕುಗಳು. ಮನೆಯವರು ಶಾಕಾಹಾರಿಗಳು, ಬೆಕ್ಕುಗಳಿಗೆ ಅಂಗಡಿಯ ಬಿಸ್ಕತ್ತೇ ಆಹಾರ. ಅದನ್ನು ತರಲು ವಾಹನದ ಪಾಸು ಸಿಗದಿದ್ದಾಗ ಅವರು ನೇರವಾಗಿ ಕೇರಳ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳು ನಕ್ಕು ತಳ್ಳಿಹಾಕಲಿಲ್ಲ. 1960ರ ಕಾಯಿದೆ, ಸಂವಿಧಾನ ಹೇಳುವ ಕರ್ತವ್ಯ, ಪ್ರಾಣಿಗಳಿಗೂ ಗೌರವದಿಂದ ಬದುಕುವ ಹಕ್ಕಿದೆಯೆಂದ ಸುಪ್ರೀಂ ಕೋರ್ಟಿನ 2014ರ ಜಲ್ಲಿಕಟ್ಟು ತೀರ್ಪು, ಎಲ್ಲವನ್ನೂ ಪರಿಶೀಲಿಸಿ ಆಹಾರ ತರಲು ಅನುಮತಿ ನೀಡಿದರು.

ಮರುವರ್ಷ ತಿರುವನಂತಪುರದಲ್ಲಿ ನಡೆದದ್ದು ನೆನೆಯಲೂ ನೋವಾಗುವ ಸಂಗತಿ. ಪ್ರವಾಸಿಗಳಿಗೆ ಚಿರಪರಿಚಿತವಾದ ಕೋವಳಂನಿಂದ ದಕ್ಷಿಣಕ್ಕೆ ಅಡಿಮಲತ್ತುರ ಎಂಬ ಕಡಲತೀರವಿದೆ. 2021ರ ಜೂನ್ ಕೊನೆಯಲ್ಲಿ ಬ್ರೂನೋ ಎಂಬ ಸಾಕುನಾಯಿಯನ್ನು ಅಲ್ಲಿ ದೋಣಿಗೆ ಕಟ್ಟಿ ಹೊಡೆದು ಕೊಂದರು. ಹೈಕೋರ್ಟು ತಾನಾಗಿಯೇ ಮೊಕದ್ದಮೆ ದಾಖಲಿಸಿಕೊಂಡು ಅದಕ್ಕೆ ಆ ನಾಯಿಯ ಹೆಸರನ್ನೇ ಇಟ್ಟಿತು. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯನ್ನು ಪುನಾರಚಿಸುವಂತೆ ಸರ್ಕಾರಕ್ಕೆ ಆದೇಶಿಸಿತು.

ಆದರೆ ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಅದೇ ಕರಾವಳಿಯ ಪುಲ್ಲುವಿಳದಲ್ಲಿ 2016ರ ಆಗಸ್ಟಿನಲ್ಲಿ ವೃದ್ಧೆಯೊಬ್ಬರು ಬೀದಿನಾಯಿಗಳ ಹಿಂಡಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ನಾಯಿಕಡಿತಕ್ಕೆ ಒಳಗಾದವರ ಅಹವಾಲು ಕೇಳಲು ಆ ವರ್ಷವೇ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಸಿರಿ ಜಗನ್ ಸಮಿತಿಯನ್ನು ನೇಮಿಸಿತ್ತು. ರೇಬಿಸ್ ನಾಯಿಯಿಂದಷ್ಟೇ ಅಲ್ಲ, ಬೆಕ್ಕಿನ ಕಡಿತದಿಂದಲೂ ಬರಬಹುದು. ತಾಯಂದಿರ ಭಯವನ್ನು ಹೃದಯಹೀನತೆ ಎನ್ನುವುದು ಅನ್ಯಾಯ.

ಹಾಗಾದರೆ ದಾರಿ ಯಾವುದು? ರೋಮ್ ನಗರದ ನಡುವೆ ಟೊರ್ರೆ ಅರ್ಜೆಂಟೀನಾ ಎಂಬಲ್ಲಿ ಪುರಾತನ ದೇವಾಲಯಗಳ ಅವಶೇಷಗಳಿವೆ. ಜೂಲಿಯಸ್ ಸೀಸರನ ಕೊಲೆ ನಡೆದ ಜಾಗವೂ ಅದರ ಪಕ್ಕದಲ್ಲೇ. ಅಲ್ಲಿನ ಬೀದಿಬೆಕ್ಕುಗಳ ಆಶ್ರಯವನ್ನು 2012ರಲ್ಲಿ ತೆರವು ಮಾಡಿಸಲು ಪುರಾತತ್ತ್ವ ಇಲಾಖೆ ಮುಂದಾದಾಗ ಜನ ಬಿಟ್ಟುಕೊಡಲಿಲ್ಲ. 2023ರಲ್ಲಿ ಪ್ರವಾಸಿಗಳಿಗೆ ಕಾಲುದಾರಿ ತೆರೆದಾಗಲೂ ಬೆಕ್ಕುಗಳು ತಮ್ಮ ಕಂಬಗಳ ಮೇಲೆಯೇ ಇದ್ದವು. ಅವನ್ನು ಉಳಿಸಿದ್ದು ಬರಿಯ ಕನಿಕರವಲ್ಲ. ಸಂತಾನಶಕ್ತಿ ಹರಣದ ಚಿಕಿತ್ಸೆ, ಔಷಧೋಪಚಾರ, ಸಾಕುವ ಮನೆ ಹುಡುಕಿಕೊಡುವುದು, ಇವನ್ನು ಸ್ವಯಂಸೇವಕರು ವರ್ಷಾನುಗಟ್ಟಲೆ ತಪ್ಪದೆ ಮಾಡಿಕೊಂಡು ಬಂದರು. ಹಾಲಿಟ್ಟು ಹೋಗುವವರು ಬಹಳ, ಚಿಕಿತ್ಸೆಗೆ ಹೊತ್ತೊಯ್ಯುವವರು ವಿರಳ. ಎರಡನೆಯ ಕೆಲಸವಿಲ್ಲದೆ ಮೊದಲನೆಯದು ಹಸಿದ ಮರಿಗಳನ್ನು ಹೆಚ್ಚಿಸುತ್ತದೆ, ನೆರೆಹೊರೆಯ ಜಗಳವನ್ನೂ ಹೆಚ್ಚಿಸುತ್ತದೆ.

ಮಹಾನಗರದ ಫ್ಲಾಟುಗಳಲ್ಲಿ ನೆಲೆಸಿದ ನಮಗೂ ಈ ಮಾತು ಅನ್ವಯಿಸುತ್ತದೆ. ಸಾಕುಪ್ರಾಣಿಗಳನ್ನು ಸಾರಾಸಗಟಾಗಿ ನಿಷೇಧಿಸುವ ನಿವಾಸಿ ಸಂಘಗಳ ನಿಯಮ ನಿಲ್ಲದೆಂದು ಅದೇ ಕೇರಳ ಹೈಕೋರ್ಟು 2021ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಆದರೆ ಸಂಘಗಳು ನ್ಯಾಯವಾದ ಷರತ್ತು ಹಾಕಬಹುದೆಂದೂ ಹೇಳಿತು. ಬೀದಿಪ್ರಾಣಿಗಳಿಗೆ ಆಹಾರವಿಡುವ ಸ್ಥಳ ಮಕ್ಕಳ ಆಟದ ಜಾಗದಿಂದಲೂ ಮೆಟ್ಟಿಲು, ಬಾಗಿಲುಗಳಿಂದಲೂ ದೂರವಿರಬೇಕೆಂದು ಕೇಂದ್ರದ 2023ರ ಸಂತಾನ ನಿಯಂತ್ರಣ ನಿಯಮಗಳು ತಿಳಿಸುತ್ತವೆ. ಇದರಲ್ಲಿ ಪ್ರಾಣಿಯ ಹೊಟ್ಟೆಗೂ ಜಾಗವಿದೆ, ಮಗುವಿನ ಕ್ಷೇಮಕ್ಕೂ ಜಾಗವಿದೆ.

ಬೇರೆ ಊರಿನಿಂದ ಬಂದು ನೆಲೆ ಹುಡುಕಿಕೊಂಡವರು ನಾವು. ಬಾಡಿಗೆ ಮನೆಯ ಬಾಗಿಲಲ್ಲಿ ‘ನೀವು ಯಾವ ಕಡೆಯವರು?’ ಎಂದು ಕೇಳಿಸಿಕೊಂಡ ನೆನಪು ನಮ್ಮಲ್ಲಿ ಹಲವರಿಗೆ ಇದ್ದೀತು. ನಮ್ಮ ಮೆಟ್ಟಿಲ ಕೆಳಗೆ ಮರಿ ಹಾಕಿದ ಬೆಕ್ಕನ್ನು ಗೋಣಿಯಲ್ಲಿ ತುಂಬಿ ದೂರ ಬಿಟ್ಟು ಬರುವ ಮೊದಲು ಅದನ್ನೊಮ್ಮೆ ನೆನೆಯೋಣ. ಹತ್ತು ಮನೆಯವರು ಸೇರಿ ಚಿಕಿತ್ಸೆಯ ಖರ್ಚು ಹಂಚಿಕೊಂಡರೆ ಯಾರಿಗೂ ಹೊರೆಯಾಗದು.